ಮೊದಲ ಹಾವಿಗೆ ಗೂಡು ಕಟ್ಟುವ ಮುಂಚೆ: ಮೈಸೂರು-ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾವು ಸಾಕುವ ಆಸೆ ಇರುವವರು ಮೊದಲು ಕೇಳುವುದು "ಯಾವ ಹಾವು ತರಲಿ?" ಅಂತ. "ಎಲ್ಲಿ ಇಡಲಿ?" ಅನ್ನುವುದು ಹಾವು ಮನೆಗೆ ಬಂದ ಮೇಲೆ ನೆನಪಾಗುತ್ತದೆ. ಇದು ತಿರುವುಮುರುವು. ಹಾವು ತನ್ನ ಮೈಯನ್ನು ತಾನೇ ಬಿಸಿ ಮಾಡಿಕೊಳ್ಳಲಾರದು. ಹೊರಗೆ ಇದ್ದರೆ ಬಿಸಿ ಬೇಕಾದಾಗ ಬಂಡೆ ಮೇಲೆ ಬರುತ್ತದೆ, ಸಾಕಾದಾಗ ಬಿಲ ಸೇರುತ್ತದೆ. ಪೆಟ್ಟಿಗೆಯೊಳಗೆ ಇಟ್ಟ ಮೇಲೆ ಅದಕ್ಕೆ ಸಿಗುವುದು ನಾವು ಕೊಟ್ಟಷ್ಟು ಬಿಸಿ, ನಾವು ಕೊಟ್ಟಷ್ಟು ತಂಪು, ನಾವು ಕೊಟ್ಟಷ್ಟು ಮರೆ. ಅದಕ್ಕೇ ಗೂಡು ಮೊದಲು, ಹಾವು ಆಮೇಲೆ.

ತೋಟದಲ್ಲಿ ಸಿಕ್ಕ ಕೇರೆ ಮರಿಯನ್ನೇ ಸಾಕಬಹುದಾ?

ಬೇಡ. ಕೇರೆ, ನಾಗರ, ಹೆಬ್ಬಾವು, ಮಣ್ಣುಮುಕ್ಕ ಎಲ್ಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹಿಡಿಯುವುದೂ ಅಪರಾಧ, ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ಮಣ್ಣುಮುಕ್ಕವನ್ನೇ ಎರಡು ತಲೆ ಹಾವು ಅಂತ ಕರೆದು, ಅದು ಮನೆಯಲ್ಲಿದ್ದರೆ ದುಡ್ಡು ಬರುತ್ತದೆ ಅಂತ ನಂಬಿಸಿ ಮಾರುವವರು ನಮ್ಮ ಕಡೆ ಈಗಲೂ ಇದ್ದಾರೆ. ಅವರ ಮಾತಿಗೆ ಕಿವಿ ಕೊಡಬೇಡಿ. ಆ ಹಾವಿಗೆ ಇರುವುದು ಒಂದೇ ತಲೆ, ಮೊಂಡು ಬಾಲ ತಲೆಯ ಹಾಗೆ ಕಾಣುತ್ತದೆ ಅಷ್ಟೇ.

ಪ್ರಾಣಕ್ಕೆ ಸಂಬಂಧಪಟ್ಟ ಮಾತು ಇನ್ನೊಂದಿದೆ. ಕಬ್ಬಿನ ಗದ್ದೆಯಲ್ಲಿ ಸಿಗುವ ಕೊಳಕುಮಂಡಲದ ಮರಿಯನ್ನು ಹೆಬ್ಬಾವಿನ ಮರಿ ಅಂದುಕೊಂಡು ಮುಟ್ಟುವವರಿದ್ದಾರೆ. ಎರಡರ ಮೈಮೇಲೂ ಕಂದು ಮಚ್ಚೆ ಇರುತ್ತದೆ. ಮರಿಯಾದರೂ ಅದರ ವಿಷ ವಿಷವೇ. ಮನೆಯೊಳಗೆ ಹಾವು ಬಂದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಇಲ್ಲವೇ ಊರಿನ ಉರಗ ರಕ್ಷಕರನ್ನು ಕರೆಯಿರಿ. ಮೈಸೂರಿನಲ್ಲಿ ಸ್ನೇಕ್ ಶ್ಯಾಮ್ ಅವರ ಹೆಸರು ಕೇಳದವರಿಲ್ಲ. ಅವರಂಥವರು ಮಾಡುವುದು ಹಾವನ್ನು ಹಿಡಿದು ಮತ್ತೆ ಬಿಡುವ ಕೆಲಸ. ಸಾಕುವುದು ಬೇರೆಯದೇ ವಿಷಯ.

ಹಾಗಾದರೆ ಯಾವ ಹಾವು ಸಾಕಬಹುದು? ಕಾಗದಪತ್ರ ಏನು ಬೇಕು?

ಮೊದಲ ಸಲ ಸಾಕುವವರಿಗೆ ಸಾಮಾನ್ಯವಾಗಿ ಹೇಳುವುದು ಎರಡು ಹೆಸರು. ಒಂದು ಕಾರ್ನ್ ಸ್ನೇಕ್. ಇದು ಅಮೆರಿಕದ ಆಗ್ನೇಯ ಭಾಗದ್ದು. ಇನ್ನೊಂದು ಬಾಲ್ ಪೈಥಾನ್, ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ್ದು. ಎರಡಕ್ಕೂ ವಿಷವಿಲ್ಲ. ದೊಡ್ಡವಾದಾಗ ಸಾಮಾನ್ಯವಾಗಿ 3ರಿಂದ 5 ಅಡಿ. ಕಾರ್ನ್ ಸ್ನೇಕ್ 15-20 ವರ್ಷ ಬದುಕುತ್ತದೆ. ಬಾಲ್ ಪೈಥಾನ್ 20-30 ವರ್ಷ. ಈಗ ಪಿಯುಸಿ ಓದುತ್ತಿರುವ ಹುಡುಗ ಹಾವು ತಂದರೆ ಅವನ ಮದುವೆಯಾಗಿ ಮಕ್ಕಳಾಗುವ ಹೊತ್ತಿಗೂ ಅದು ಮನೆಯಲ್ಲೇ ಇರುತ್ತದೆ. ಇದನ್ನು ಯೋಚಿಸಿಯೇ ಮುಂದಿನ ಹೆಜ್ಜೆ ಇಡಿ.

ಕಾಗದದ ವಿಷಯ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತು. ಸೈಟಿಸ್ ಅನ್ನುವ, ವನ್ಯಜೀವಿ ವ್ಯಾಪಾರದ ಮೇಲಿನ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳು ಈಗ ಕಾಯ್ದೆಯ ನಾಲ್ಕನೇ ಅನುಸೂಚಿಯಲ್ಲಿವೆ. ಬಾಲ್ ಪೈಥಾನ್ ಆ ಪಟ್ಟಿಯಲ್ಲಿದೆ. ಹಾಗಾಗಿ ಅದನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು. 2024ರ ನಿಯಮದ ಪ್ರಕಾರ ಹೊಸದಾಗಿ ತಂದವರು 30 ದಿನದೊಳಗೆ ಅರ್ಜಿ ಹಾಕಬೇಕು. ಮರಿ ಹುಟ್ಟಿದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಕಾರ್ನ್ ಸ್ನೇಕ್ ಸೈಟಿಸ್ ಪಟ್ಟಿಯಲ್ಲಿಲ್ಲ. ಆದರೂ ಬಿಲ್ ಇಲ್ಲದೆ, ಎಲ್ಲಿಂದ ಬಂತು ಅಂತ ತಿಳಿಯದೆ ಕೊಳ್ಳಬೇಡಿ. ಸೂಟ್‌ಕೇಸಿನಲ್ಲಿ ಅಡಗಿಸಿ ತಂದ ಹಾವುಗಳು ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದ ಸುದ್ದಿ ಆಗಾಗ ಓದುತ್ತೇವೆ ಅಲ್ವಾ? ಅಂಥ ಪ್ರಯಾಣದಲ್ಲಿ ಎಷ್ಟೋ ಹಾವು ದಾರಿಯಲ್ಲೇ ಸಾಯುತ್ತವೆ. ಅನುಮಾನ ಇದ್ದರೆ ಕೊಳ್ಳುವ ಮುಂಚೆಯೇ ಅರಣ್ಯ ಇಲಾಖೆಯಲ್ಲಿ ಕೇಳಿ.

ಗೂಡು ಎಷ್ಟು ದೊಡ್ಡದಿರಬೇಕು?

ಲೆಕ್ಕ ಸುಲಭ. ಹಾವು ಉದ್ದಕ್ಕೆ ಮೈಚಾಚಿ ಮಲಗಲು ಜಾಗ ಇರಬೇಕು. ಬೆಳೆದ ಹಾವಿಗೆ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ ಇದ್ದರೆ ಒಳ್ಳೆಯದು. ಹಾವು 4 ಅಡಿಗಿಂತ ಉದ್ದವಾದರೆ ಗೂಡೂ ಉದ್ದವಾಗಬೇಕು. ಕಾರ್ನ್ ಸ್ನೇಕ್ ಹತ್ತಿ ಇಳಿದು ಓಡಾಡುವ ಹಾವು, ಅದಕ್ಕೆ ಎತ್ತರ ಬೇಕೇ ಬೇಕು. ಬಾಲ್ ಪೈಥಾನ್‌ಗೆ ನೆಲದ ಜಾಗ ಮುಖ್ಯ, ಆದರೆ ಕೊಂಬೆ ಕೊಟ್ಟರೆ ಅದೂ ಹತ್ತುತ್ತದೆ.

ಮರಿಗೆ 2 ಅಡಿ ಉದ್ದದ ಗೂಡು ಸಾಕು. ದೊಡ್ಡ ಗೂಡಿನಲ್ಲಿ ಇಟ್ಟರೆ ಮರಿ ಹೆದರಿ ತಿನ್ನುವುದಿಲ್ಲ ಅಂತ ಹೇಳುವುದನ್ನು ಕೇಳಿರುತ್ತೀರಿ. ಮರಿ ಹೆದರುವುದು ಬಯಲಿಗೆ. ಒಳಗೆ ಎಲೆ, ಕೊಂಬೆ, ಮರೆ ಒತ್ತಾಗಿ ತುಂಬಿದ್ದರೆ ದೊಡ್ಡ ಗೂಡಿನಲ್ಲೂ ಆರಾಮಾಗಿರುತ್ತದೆ.

ಮನೆಯಲ್ಲಿ ಹಳೇ ಮೀನಿನ ತೊಟ್ಟಿ ಇದೆ. ಅದು ಆಗುತ್ತಾ?

ಮರಿಗೆ ಆಗುತ್ತದೆ, ಮುಚ್ಚಳ ಸರಿ ಮಾಡಿಸಿದರೆ. ಬರೀ ಜಾಲರಿ ಇಟ್ಟು ಮೇಲೆ ಪುಸ್ತಕ ಹೇರಿದರೆ ಸಾಲದು. ಹಾವು ಮೂಗಿನಿಂದ ಒತ್ತಿ ಒತ್ತಿ ಎತ್ತುತ್ತದೆ. ಕ್ಲಿಪ್ ಇರುವ ಮುಚ್ಚಳವೇ ಬೇಕು. ಮೇಲೆ ಪೂರ್ತಿ ಜಾಲರಿ ಇದ್ದರೆ ಬಿಸಿಯೂ ತೇವವೂ ಹಾರಿಹೋಗುತ್ತವೆ, ಅದಕ್ಕೆ ಮುಕ್ಕಾಲು ಭಾಗ ಮುಚ್ಚಬೇಕು. ಮೂರು ಬದಿಯ ಗಾಜಿಗೆ ಹೊರಗಿನಿಂದ ಕಪ್ಪು ಕಾಗದ ಅಂಟಿಸಿ. ನಾಲ್ಕೂ ಕಡೆಯಿಂದ ಜನ ಓಡಾಡುವುದು ಕಂಡರೆ ಹಾವಿಗೆ ನೆಮ್ಮದಿ ಇರುವುದಿಲ್ಲ.

ಬಡಗಿ ಹತ್ತಿರ ಮಾಡಿಸಿದರೆ?

ನನಗೆ ಇಷ್ಟವಾದ ದಾರಿ ಇದೇ. ರೆಡಿಮೇಡ್ ಗೂಡು ತರಿಸುವುದಕ್ಕಿಂತ ಕಡಿಮೆಯಲ್ಲಿ ಆಗುತ್ತದೆ, ಅಳತೆಯೂ ನಮ್ಮದೇ. ಹೇಳಿ ಮಾಡಿಸಬೇಕಾದ್ದನ್ನು ಬಿಡಿಸಿ ಹೇಳುತ್ತೇನೆ.

ಹಲಗೆಗೆ ತೇವ ತಡೆಯುವ ಪ್ಲೈವುಡ್ ಹಾಕಿಸಿ. ಎದುರಿಗೆ ಎರಡು ಜಾರುವ ಗಾಜು. ಮೇಲಿನಿಂದ ಕೈ ಹಾಕುವ ಗೂಡಿಗಿಂತ ಎದುರಿನಿಂದ ತೆರೆಯುವ ಗೂಡು ವಾಸಿ. ಹಾವನ್ನು ಹಿಡಿದು ತಿನ್ನುವ ಹದ್ದು ಬರುವುದು ಮೇಲಿನಿಂದ, ಹಾಗಾಗಿ ಮೇಲಿನಿಂದ ಇಳಿಯುವ ಕೈಗೂ ಹಾವು ಬೆಚ್ಚುತ್ತದೆ. ಗಾಜು ಕೂರಿಸಿದ ಮೇಲೆ ಬಡಗಿ ಹೊರಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಎರಡು ಗಾಜು ಒಂದರ ಮೇಲೊಂದು ಬರುವ ಜಾಗದಲ್ಲಿ ಸಂದಿ ಇರುತ್ತದೆ. ಅಲ್ಲಿ ಪೆನ್ಸಿಲ್ ತೂರಿಸಿ ನೋಡಿ. ಪೆನ್ಸಿಲ್ ಹೋದರೆ ಮರಿ ಹಾವೂ ಹೋಗುತ್ತದೆ. ಆ ಸಂದಿಗೆ ಪಾರದರ್ಶಕ ರಬ್ಬರ್ ಪಟ್ಟಿ ಅಂಟಿಸಬಹುದು. ಅಂಗಡಿಗಳ ಶೋಕೇಸಿಗೆ ಹಾಕುವ ಸಣ್ಣ ಬೀಗ ಗಾಜಿನ ಕೆಲಸದವರ ಹತ್ತಿರ ಸಿಗುತ್ತದೆ, ಅದನ್ನು ಮರೆಯದೆ ಹಾಕಿಸಿ. ವೈರ್ ಬರುವ ತೂತೂ ಬಿಗಿಯಾಗಿರಬೇಕು.

ಗಾಳಿಗೆ ಎರಡು ಕಡೆ ತೂತಿನ ಸಾಲು ಬೇಕು. ಒಂದು ಬದಿಯಲ್ಲಿ ಕೆಳಗೆ, ಎದುರು ಬದಿಯಲ್ಲಿ ಮೇಲೆ. ಆಗ ಗಾಳಿ ತಾನಾಗಿ ಆಡುತ್ತದೆ. ಒಳಗಿನ ಮೂಲೆಗಳಿಗೆ ಮೀನಿನ ತೊಟ್ಟಿಗೆ ಹಾಕುವ ಸಿಲಿಕಾನ್, ಹಲಗೆಗೆ ಥಿನ್ನರ್ ಬೇಡದ ವಾಟರ್ ಬೇಸ್ಡ್ ವಾರ್ನಿಷ್. ಆಮೇಲೆ ಬಾಗಿಲು ತೆರೆದು ಒಣಗಲು ಬಿಡಿ. ಮೂಗು ಒಳಗಿಟ್ಟರೆ ಯಾವ ವಾಸನೆಯೂ ಬರಬಾರದು. ಹಾವಿನ ಶ್ವಾಸಕೋಶ ಸೂಕ್ಷ್ಮ, ಥಿನ್ನರ್ ವಾಸನೆ ತಡೆಯುವ ಶಕ್ತಿ ಅದಕ್ಕಿಲ್ಲ.

ಮೈಸೂರಿನ ಹವೆಗೆ ಹೀಟರ್ ಯಾಕೆ ಬೇಕು?

ನಮಗೆ ಹಿತವಾದ ಹವೆ ಹಾವಿಗೆ ತಣ್ಣಗಾಗುತ್ತದೆ. ಡಿಸೆಂಬರ್-ಜನವರಿ ರಾತ್ರಿ ಹೊರಗೆ 16-17 ಡಿಗ್ರಿಗೆ ಇಳಿಯುವುದು ಇಲ್ಲಿ ಮಾಮೂಲು. ಜುಲೈ ಮಳೆಯಲ್ಲಿ ಹಗಲೂ ಮಂಕು. ಬಿಸಿ ಸಾಲದಿದ್ದರೆ ಹಾವಿಗೆ ತಿಂದದ್ದು ಅರಗುವುದಿಲ್ಲ, ಕಕ್ಕಿಬಿಡುತ್ತದೆ. ಹೀಗೇ ತಣ್ಣಗಿದ್ದರೆ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ.

ಗೂಡಿನ ಒಂದು ತುದಿ ಬಿಸಿ, ಇನ್ನೊಂದು ತುದಿ ತಂಪು ಇರಬೇಕು. ಕಾರ್ನ್ ಸ್ನೇಕ್‌ಗೆ ಬಿಸಿ ತುದಿ 29-31 ಡಿಗ್ರಿ, ತಂಪು ತುದಿ 23-25. ಬಾಲ್ ಪೈಥಾನ್‌ಗೆ ಬಿಸಿ ತುದಿ 31-33, ತಂಪು ತುದಿ 25-27. ಇಡೀ ಗೂಡು ಒಂದೇ ಬಿಸಿ ಇದ್ದರೆ ಹಾವಿಗೆ ಆರಿಸಿಕೊಳ್ಳಲು ಏನೂ ಉಳಿಯುವುದಿಲ್ಲ.

ಯಾವ ಹೀಟರ್? ಥರ್ಮೋಸ್ಟಾಟ್ ಇಲ್ಲದೆ ನಡೆಯುತ್ತಾ?

ಎರಡನೆಯದಕ್ಕೆ ಮೊದಲು ಉತ್ತರ: ನಡೆಯುವುದಿಲ್ಲ. ದುಡ್ಡು ಕಮ್ಮಿ ಇದ್ದರೆ ಬೇರೆ ಎಲ್ಲಿ ಬೇಕಾದರೂ ಉಳಿಸಿ, ಬಿಸಿಯನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟ್‌ನಲ್ಲಿ ಬೇಡ. ನಿಯಂತ್ರಣ ಇಲ್ಲದ ಹೀಟ್ ಮ್ಯಾಟ್ (ಕರೆಂಟಿನಿಂದ ಕಾಯುವ ತೆಳು ಹಾಸು) 45 ಡಿಗ್ರಿ ದಾಟಬಹುದು. ಹೊಟ್ಟೆಯ ಅಡಿ ಸುಡುತ್ತಿದ್ದರೂ ಹಾವು ಎಷ್ಟೋ ಸಲ ಜಾಗ ಬಿಟ್ಟು ಏಳುವುದಿಲ್ಲ. ಗೊತ್ತಾಗುವ ಹೊತ್ತಿಗೆ ಚರ್ಮ ಬೆಂದಿರುತ್ತದೆ.

ಗಾಜಿನ ತೊಟ್ಟಿಯಾದರೆ ಹೀಟ್ ಮ್ಯಾಟ್ ಸಾಕು. ಅದನ್ನು ತಳದ ಹೊರಗಡೆಯಿಂದ, ಮೂರನೇ ಒಂದು ಭಾಗಕ್ಕೆ ಮಾತ್ರ ಅಂಟಿಸಿ. ತೊಟ್ಟಿಯ ಕೆಳಗೆ ಸ್ವಲ್ಪ ಗಾಳಿ ಆಡಬೇಕು. ಪ್ಲೈವುಡ್ ಗೂಡಿಗೆ ಮ್ಯಾಟ್ ಪ್ರಯೋಜನವಿಲ್ಲ, ಬಿಸಿ ಹಲಗೆ ದಾಟಿ ಬರುವುದಿಲ್ಲ. ಅದಕ್ಕೆ ಮೇಲಿನಿಂದ, ಬೆಳಕಿಲ್ಲದೆ ಬಿಸಿ ಮಾತ್ರ ಕೊಡುವ ಸೆರಾಮಿಕ್ ಹೀಟರ್ ಹಾಕಿ, ಸುತ್ತ ತಂತಿಯ ಪಂಜರ ಕಟ್ಟಿ. ಪಂಜರ ಇಲ್ಲದಿದ್ದರೆ ಹಾವು ಹೋಗಿ ಹೀಟರಿಗೇ ಸುತ್ತಿಕೊಳ್ಳುತ್ತದೆ. ಹೋಲ್ಡರ್ ಪಿಂಗಾಣಿಯದ್ದೇ ಇರಲಿ, ಪ್ಲಾಸ್ಟಿಕ್ ಹೋಲ್ಡರ್ ಆ ಬಿಸಿಗೆ ಕರಗುತ್ತದೆ. ಪೆಟ್ ಅಂಗಡಿಯಲ್ಲಿ ತೋರಿಸುವ ಹೀಟ್ ರಾಕ್, ಅಂದರೆ ಕರೆಂಟಿನಿಂದ ಕಾಯುವ ಕಲ್ಲು, ಬೇಡವೇ ಬೇಡ.

ಥರ್ಮೋಸ್ಟಾಟ್‌ನ ಪ್ರೋಬ್, ಅಂದರೆ ವೈರಿನ ತುದಿಯ ಸಣ್ಣ ಗುಂಡು, ಎಲ್ಲಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಹಾವು ನೆಲ ಕೆದಕುವಾಗ ಪ್ರೋಬನ್ನು ಎಳೆದು ತಂಪು ಕಡೆಗೆ ಹಾಕಿತು ಅಂದುಕೊಳ್ಳಿ. ಗೂಡು ತಣ್ಣಗಿದೆ ಅಂತ ಥರ್ಮೋಸ್ಟಾಟ್ ತಿಳಿದು ಮ್ಯಾಟನ್ನು ಆರಿಸುವುದೇ ಇಲ್ಲ. ನೀರು ಚೆಲ್ಲಿ ಪ್ರೋಬ್ ಒದ್ದೆಯಾದರೂ ಇದೇ ಕಥೆ. ಅದಕ್ಕೆ ಪ್ರೋಬನ್ನು ಹೊರಗೆ ಮ್ಯಾಟಿಗೂ ಗಾಜಿಗೂ ನಡುವೆ ಗಟ್ಟಿಯಾಗಿ ಕೂರಿಸಿ. ಒಳಗಿನ ನೆಲದ ಬಿಸಿಯನ್ನು ಬೇರೆ ಥರ್ಮಾಮೀಟರಿನಿಂದ ಅಳೆದು, ಅದಕ್ಕೆ ತಕ್ಕಂತೆ ಸೆಟ್ ಮಾಡಿ. ಗೂಡಿನೊಳಗೆ ಸೆಲ್ಲೋಟೇಪ್ ಎಲ್ಲೂ ಬಳಸಬೇಡಿ. ಹಾವಿನ ಮೈಗೆ ಅಂಟಿದರೆ ಬಿಡಿಸುವಾಗ ಪೊರೆಯ ಜೊತೆ ಚರ್ಮವೂ ಕಿತ್ತು ಬರುತ್ತದೆ.

ಕರೆಂಟ್ ಹೋದರೆ?

ಒಂದೆರಡು ಗಂಟೆ ಹೋದರೆ ಏನೂ ಆಗುವುದಿಲ್ಲ. ಗೂಡಿನ ಮೇಲೆ ಕಂಬಳಿ ಹೊದಿಸಿ, ಗಾಳಿ ತೂತು ಮಾತ್ರ ಮುಚ್ಚಬೇಡಿ. ಚಳಿಗಾಲದ ರಾತ್ರಿ ತುಂಬಾ ಹೊತ್ತು ಹೋದರೆ ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ ಒಂದು ಮೂಲೆಯಲ್ಲಿಡಿ. ಮನೆಯಲ್ಲಿ ಯುಪಿಎಸ್ ಇದ್ದರೆ ಹೀಟ್ ಮ್ಯಾಟ್ ಅದರ ಮೇಲೆ ನಡೆಯುತ್ತದೆ, ಅದು ಎಳೆಯುವುದು ಕಮ್ಮಿ. ಸೆರಾಮಿಕ್ ಹೀಟರ್ ಬ್ಯಾಟರಿಯನ್ನು ಬೇಗ ಖಾಲಿ ಮಾಡುತ್ತದೆ. ಚೆಸ್ಕಾಂನವರು ದುರಸ್ತಿಗೆ ಅಂತ ಮುಂಚೆಯೇ ತಿಳಿಸಿ ಕರೆಂಟ್ ತೆಗೆಯುವ ದಿನ ಹಾವಿಗೆ ಊಟ ಹಾಕಬೇಡಿ.

ಮಂಡ್ಯದ ಬೇಸಿಗೆಯಲ್ಲಿ ಏನು ಮಾಡುವುದು?

ಚಳಿಗಿಂತ ಸೆಕೆ ಬೇಗ ಕೊಲ್ಲುತ್ತದೆ. ಏಪ್ರಿಲ್‌ನಲ್ಲಿ ಆರ್‌ಸಿಸಿ ಮನೆಯ ಮೇಲಿನ ಮಹಡಿ, ಶೀಟಿನ ಮನೆ ಹಾವಿಗೆ ಜಾಗವಲ್ಲ. ಗೂಡಿನ ತಂಪು ತುದಿಯೇ 32 ದಾಟಿತು ಅಂದರೆ ತಕ್ಷಣ ಕೆಳಗಿನ ಕೋಣೆಗೆ ಸಾಗಿಸಿ. ಕೆಂಪು ಗಾರೆ ನೆಲದ ಹಳೇ ಮನೆಯಾದರೆ ಪುಣ್ಯ, ಮಧ್ಯಾಹ್ನವೂ ತಂಪಾಗಿರುತ್ತದೆ. ಮಂಜುಗಡ್ಡೆ ಕಟ್ಟಿದ ಬಾಟಲಿಗೆ ಬಟ್ಟೆ ಸುತ್ತಿ ತಂಪು ತುದಿಯ ಹೊರಗಡೆ ಒರಗಿಸಬಹುದು. ಗೂಡನ್ನು ಕಿಟಕಿ ಬಿಸಿಲಿಗೆ ಯಾವ ಕಾಲದಲ್ಲೂ ಇಡಬೇಡಿ. ಬೆಳಗಿನ ಎಳೆ ಬಿಸಿಲು ಅಂತ ಗಾಜಿನ ತೊಟ್ಟಿಯನ್ನು ಅಲ್ಲಿಟ್ಟರೆ ಸ್ವಲ್ಪ ಹೊತ್ತಿಗೇ ಒಳಗೆ ಕುದಿಯುತ್ತದೆ.

ನೆಲಕ್ಕೆ ಏನು ಹಾಸುವುದು?

ತೆಂಗಿನ ನಾಡಿನಲ್ಲಿದ್ದೇವೆ, ತೆಂಗಿನ ನಾರಿನ ಪುಡಿಯಾದ ಕೋಕೋಪೀಟ್‌ಗೆ ಕೊರತೆಯಿಲ್ಲ. ಆದರೆ ನರ್ಸರಿಯಲ್ಲಿ ಕೊಳ್ಳುವಾಗ ಗೊಬ್ಬರ ಬೆರೆಸಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಇಟ್ಟಿಗೆಯಂತೆ ಒತ್ತಿದ ಕೋಕೋಪೀಟನ್ನು ಬಕೆಟ್ಟಿನಲ್ಲಿ ನೆನೆಸಿ. ಮೊದಲ ನೀರು ಗಾಢ ಕಂದು ಬಣ್ಣದ್ದು, ಉಪ್ಪೂ ಇರುತ್ತದೆ. ಅದನ್ನು ಚೆಲ್ಲಿ, ನೀರು ತಿಳಿಯಾಗುವ ತನಕ ತೊಳೆಯಿರಿ. ಆಮೇಲೆ ಬಟ್ಟೆಯಲ್ಲಿ ಹಿಂಡಿ, ನೆರಳಿನಲ್ಲಿ ಹರಡಿ. ಮುಷ್ಟಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಬಾಲ್ ಪೈಥಾನ್‌ಗೆ ಈ ಹದ. ಕಾರ್ನ್ ಸ್ನೇಕ್‌ಗೆ ಇನ್ನೂ ಒಣಗಿದ್ದರೆ ಒಳ್ಳೆಯದು. ಎರಡು-ಮೂರು ಇಂಚು ದಪ್ಪ ಹಾಕಿ, ಎರಡಕ್ಕೂ ತೂರಿಕೊಳ್ಳುವುದು ಇಷ್ಟ.

ಹೊಸದಾಗಿ ತಂದ ಹಾವಿಗೆ ಮೊದಲ ಕೆಲವು ವಾರ ಹಳೇ ಪೇಪರ್ ಹಾಸಿ. ಹಿಕ್ಕೆ ಹೇಗಿದೆ, ರಕ್ತ ಹೀರುವ ಉಣ್ಣೆ ಹುಳ ಇದೆಯಾ ಅಂತ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಮರಳು ಬೇಡ. ಮರಗೆಲಸದ ಹೊಟ್ಟೂ ಬೇಡ, ದೇವದಾರು, ಪೈನ್ ಮರದ ಎಣ್ಣೆ ಹಾವಿಗೆ ಆಗದು.

ಒಳಗೆ ಏನೇನು ಇಡಬೇಕು?

ಅಡಗುವ ಜಾಗ ಎರಡು. ಒಂದು ಬಿಸಿ ತುದಿಯಲ್ಲಿ, ಒಂದು ತಂಪು ತುದಿಯಲ್ಲಿ. ಒಂದೇ ಇಟ್ಟರೆ ಮೈ ಬಿಸಿ ಮಾಡಿಕೊಳ್ಳಲೋ, ಅವಿತುಕೊಳ್ಳಲೋ ಅಂತ ಹಾವು ಎರಡರಲ್ಲೊಂದನ್ನು ಬಿಡಬೇಕಾಗುತ್ತದೆ. ಮರಿಗೆ ತೆಂಗಿನ ಕರಟ ಸಾಕು, ಅಂಚಿನಲ್ಲಿ ಬಾಗಿಲು ಕೊರೆದು ಮರಳು ಕಾಗದದಲ್ಲಿ ಉಜ್ಜಿ ನುಣುಪು ಮಾಡಿ. ದೊಡ್ಡದಕ್ಕೆ ಮಣ್ಣಿನ ಮಡಕೆ. ಸಂತೆಯಲ್ಲಿ ಬಾಯಿ ಒಡೆದ ಮಡಕೆ ಅಗ್ಗಕ್ಕೆ ಕೊಡುತ್ತಾರೆ. ಬೋರಲು ಹಾಕಿ, ಒಡೆದ ಅಂಚನ್ನು ಕಲ್ಲಿಗೆ ತೀಡಿದರೆ ಮುಗಿಯಿತು. ಹಾವು ಸುರುಳಿ ಸುತ್ತಿ ಕೂತಾಗ ಗೋಡೆ ಮೈಗೆ ತಾಗುವಷ್ಟು ಇಕ್ಕಟ್ಟಾಗಿರಲಿ. ನಮಗೆ ಚಿಕ್ಕದಾಯಿತು ಅನ್ನಿಸಿದ್ದೇ ಅದಕ್ಕೆ ಸರಿ.

ನೀರಿಗೆ ಕಲ್ಲಿನ ಬಟ್ಟಲು ಚೆನ್ನಾಗಿರುತ್ತದೆ, ಹಾವು ತಳ್ಳಿದರೂ ಮಗುಚುವುದಿಲ್ಲ. ದಿನಾ ನೀರು ಬದಲಿಸಿ. ಹತ್ತಲು ಸೀಬೆ ಮರದ ಕೊಂಬೆ ಗಟ್ಟಿ, ತೊಗಟೆ ನುಣುಪು. ಕುದಿಯುವ ನೀರು ಹುಯ್ದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಅಲುಗಾಡದಂತೆ ಸ್ಕ್ರೂ ಹಾಕಿ. ಬೇಕಿದ್ದರೆ ಮೈಸೂರಿನ ಬಂಬೂ ಬಜಾರಿನಿಂದ ಬಿದಿರು ತರಬಹುದು. ಕಣಗಿಲೆ, ನೀಲಗಿರಿ ಬೇಡ. ಹಗಲಿಗೆ ಸುಮಾರು 12 ಗಂಟೆ ಬೆಳಕು, ರಾತ್ರಿ ಪೂರ್ತಿ ಕತ್ತಲೆ. ಕೆಂಪು ಬಲ್ಬೂ ಬೇಡ.

ಪೊರೆ ತುಂಡು ತುಂಡಾಗಿ ಬರುತ್ತಿದೆ. ಯಾಕೆ?

ತೇವ ಸಾಲದು. ಬಾಲ್ ಪೈಥಾನ್‌ಗೆ 55-75 ಶೇಕಡಾ, ಕಾರ್ನ್ ಸ್ನೇಕ್‌ಗೆ 40-60 ಇರಬೇಕು. ಫೆಬ್ರವರಿ-ಮಾರ್ಚ್‌ನ ಒಣ ಗಾಳಿಯಲ್ಲಿ ಈ ತೊಂದರೆ ಜಾಸ್ತಿ. ಪೊರೆ ಬಿಡುವ ಮುಂಚೆ ಕಣ್ಣು ಹಾಲಿನಂತೆ ಬೆಳ್ಳಗಾಗುತ್ತದೆ, ಆದ ಕೂಡಲೇ ಒಂದು ಡಬ್ಬಿಗೆ ತೂತು ಕೊರೆದು, ಒದ್ದೆ ತೆಂಗಿನ ನಾರು ತುಂಬಿ ಒಳಗಿಡಿ. ಹಾವು ತಾನೇ ಹೋಗಿ ಕೂರುತ್ತದೆ. ಪೊರೆ ಬಂದ ಮೇಲೆ ಕಣ್ಣಿನ ಪೊರೆಯೂ ಬಾಲದ ತುದಿಯದೂ ಬಂದಿದೆಯಾ ನೋಡಿ. ಕಣ್ಣಿನದನ್ನು ಉಗುರಿನಿಂದ ಕೀಳಲು ಹೋಗಬೇಡಿ.

ಮಳೆಗಾಲದಲ್ಲಿ ಉಲ್ಟಾ ತೊಂದರೆ. ನೆಲ ಸದಾ ಒದ್ದೆಯಾಗಿದ್ದರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ. ಗಾಳಿ ಜಾಸ್ತಿ ಬಿಡಿ, ಮೇಲಿನ ಪದರ ಒಣಗಿರಲಿ.

ಇರುವೆ ಕಾಟ ತಡೆಯುವುದು ಹೇಗೆ? ಸೊಳ್ಳೆ ಬತ್ತಿ ಹಚ್ಚಬಹುದಾ?

ಗೂಡನ್ನು ಕಾಲಿರುವ ಸ್ಟ್ಯಾಂಡಿನ ಮೇಲಿಟ್ಟು, ಕಾಲುಗಳ ಕೆಳಗೆ ನೀರು ತುಂಬಿದ ಬಟ್ಟಲು ಇಡಿ. ಗೋಡೆಗೆ ತಾಗಿಸಬೇಡಿ, ವೈರ್ ಮೇಲೂ ಇರುವೆ ಬರುತ್ತದೆ ಅನ್ನುವುದು ನೆನಪಿರಲಿ. ಲಕ್ಷ್ಮಣ ರೇಖೆ ಸೀಮೆಸುಣ್ಣ, ಇರುವೆ ಪುಡಿ, ಜಿರಳೆ ಸ್ಪ್ರೇ ಆ ಕೋಣೆಗೇ ಬೇಡ. ಸೊಳ್ಳೆ ಬತ್ತಿ, ಸೊಳ್ಳೆ ಮಷೀನಿನ ಔಷಧಿಯೂ ಇದೇ ಜಾತಿಯ ವಿಷ, ಹಾವಿನ ನರಗಳಿಗೆ ಹೊಡೆತ. ಕಿಟಕಿಗೆ ಜಾಲರಿ ಹಾಕಿಸಿ. ನುಸಿ ಗುಳಿಗೆ, ಫಿನೈಲ್, ಊದುಬತ್ತಿ ಹೊಗೆ ಎಲ್ಲ ದೂರವಿರಲಿ. ಹೀಗಾಗಿ ದೇವರ ಮನೆ ಪಕ್ಕದ ಕೋಣೆ ಸರಿಯಲ್ಲ, ಅಡುಗೆಮನೆಯಂತೂ ಬೇಡವೇ ಬೇಡ. ಗೂಡಿನ ಸಾಮಾನನ್ನು ಪಾತ್ರೆ ತೊಳೆಯುವ ಜಾಗದಲ್ಲಿ ತೊಳೆಯಬೇಡಿ. ಹಾವಿನ ಹಿಕ್ಕೆಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಮುಟ್ಟಿದ ಮೇಲೆ ಪ್ರತಿ ಸಲ ಸೋಪು ಹಾಕಿ ಕೈ ತೊಳೆಯಿರಿ.

ನಾಗರ ಪಂಚಮಿಗೆ ಹಾಲು ಕೊಡಬಹುದಾ?

ಬೇಡ. ಹಾವಿಗೆ ಹಾಲು ಅರಗುವುದಿಲ್ಲ. ಅಶ್ವತ್ಥಕಟ್ಟೆಯ ನಾಗರಕಲ್ಲಿಗೆ ತನಿ ಎರೆಯಿರಿ, ಗೂಡಿನೊಳಗೆ ನೀರು ಮಾತ್ರ. ಅರಿಶಿನ-ಕುಂಕುಮವನ್ನೂ ಹಾವಿನ ಮೈಗೆ ಹಚ್ಚಬೇಡಿ.

ಅಜ್ಜಿ ಒಪ್ಪುತ್ತಿಲ್ಲ. ಮಹಡಿ ಕೋಣೆಯಲ್ಲಿ ಗೊತ್ತಾಗದ ಹಾಗೆ ಇಡಲಾ?

ಕದ್ದು ಇಡಬೇಡಿ. ನೀವು ಪರೀಕ್ಷೆಗೋ ಕೆಲಸಕ್ಕೋ ಊರಿಗೆ ಹೋದಾಗ ಗೂಡಿನ ಬಿಸಿ ನೋಡುವವರು, ನೀರು ಬದಲಿಸುವವರು ಮನೆಯವರೇ. ಹಿರಿಯರಿಗೆ ಹಾವಿನ ಬಗ್ಗೆ ಭಯವೂ ಇರುತ್ತದೆ, ಭಕ್ತಿಯೂ ಇರುತ್ತದೆ. ಎರಡಕ್ಕೂ ಮರ್ಯಾದೆ ಕೊಟ್ಟು ಮಾತಾಡಿ. ಅಜ್ಜಿಯನ್ನು ಮೈಸೂರು ಮೃಗಾಲಯದ ಹಾವುಗಳ ವಿಭಾಗಕ್ಕೆ ಕರೆದುಕೊಂಡು ಹೋಗಿ. ಮಂಗಳವಾರ ರಜೆ, ಬೇರೆ ದಿನ ನೋಡಿಕೊಳ್ಳಿ. ಗಾಜಿನ ಆಚೆ ಇರುವ ಹಾವು ಸುಮ್ನೆ ಮಲಗಿರುವುದನ್ನು ನೋಡಿದರೆ ಮಾತು ಮುಂದುವರಿಸುವುದು ಸುಲಭ. ನೀವೂ ಅಲ್ಲಿನ ಗೂಡುಗಳನ್ನು ಗಮನಿಸಿ: ಮರೆ ಎಲ್ಲಿದೆ, ನೀರು ಎಲ್ಲಿದೆ, ಗಾಳಿ ಎಲ್ಲಿಂದ ಬರುತ್ತದೆ. ಅವರು ಒಪ್ಪದೇ ಇದ್ದರೆ ನಿಮ್ಮದೇ ಮನೆ ಆಗುವ ತನಕ ಕಾಯಿರಿ.

ಗೂಡು ಸಿದ್ಧವಾಯಿತು. ನಾಳೆಯೇ ಹಾವು ತರಬಹುದಾ?

ಎರಡು ವಾರ ಖಾಲಿ ಗೂಡನ್ನೇ ನಡೆಸಿ. ಬೆಳಗಿನ ಜಾವ, ಮಧ್ಯಾಹ್ನ, ರಾತ್ರಿ ಎರಡೂ ತುದಿಯ ಬಿಸಿಯನ್ನೂ ತೇವವನ್ನೂ ಬರೆದಿಡಿ. ಬೆಳಗಿನ ಜಾವದ ಲೆಕ್ಕ ಮುಖ್ಯ, ಮನೆ ತೀರಾ ತಣ್ಣಗಿರುವುದು ಆಗಲೇ. ಅಂಕಿ ಏರಿಳಿಯದೆ ನಿಂತ ಮೇಲೆ ಹಾವು ತನ್ನಿ. ಅಷ್ಟರಲ್ಲಿ ಹಾವಿಗೆ ಚಿಕಿತ್ಸೆ ಕೊಡುವ ಪಶುವೈದ್ಯರು ಯಾರು ಅಂತ ವಿಚಾರಿಸಿ, ನಂಬರ್ ಬರೆದಿಟ್ಟುಕೊಳ್ಳಿ. ನಾಯಿ-ದನ ನೋಡುವ ಎಲ್ಲರೂ ಹಾವು ನೋಡುವುದಿಲ್ಲ.

ತಂದ ಮೇಲೆ ಒಂದು ವಾರ ಎತ್ತಬೇಡಿ, ಊಟವೂ ಬೇಡ, ನೀರು ಮಾತ್ರ ಬದಲಿಸಿ. ಆಮೇಲೆ ಫ್ರೀಜ್ ಮಾಡಿದ ಇಲಿಯನ್ನು ಪೂರ್ತಿ ಕರಗಿಸಿ, ಬೆಚ್ಚಗೆ ಮಾಡಿ, ಉದ್ದ ಚಿಮ್ಮಟದಲ್ಲಿ ಹಿಡಿದು ಕೊಡಿ. ಜೀವಂತ ಇಲಿ ಬಿಟ್ಟರೆ ಅದೇ ಹಾವನ್ನು ಕಚ್ಚಿ ಗಾಯ ಮಾಡಬಹುದು. ತಿನ್ನದಿದ್ದರೆ ಇಲಿಯನ್ನು ತೆಗೆದುಬಿಡಿ, ಮತ್ತೊಂದು ವಾರ ಬಿಟ್ಟು ನೋಡಿ. ಆ ವಾರದಲ್ಲಿ ಹಾವಿನ ಮೇಲೆ ಸಿಟ್ಟು ಮಾಡಿಕೊಳ್ಳದೆ ಥರ್ಮಾಮೀಟರ್ ನೋಡಿ, ಅಡಗುವ ಜಾಗ ಇಕ್ಕಟ್ಟಾಗಿದೆಯಾ ನೋಡಿ. ಬಾಯಿ ತೆರೆದು ಉಸಿರಾಡುತ್ತಿದ್ದರೆ, ಮೂಗಿನಲ್ಲಿ ನೊರೆ ಇದ್ದರೆ, ನೀರಿನ ಬಟ್ಟಲಿನಲ್ಲಿ ಕರಿ ಸಾಸಿವೆಯಂಥ ಚುಕ್ಕೆ, ಅಂದರೆ ಉಣ್ಣೆ ಹುಳ, ತೇಲುತ್ತಿದ್ದರೆ ಕಾಯಬೇಡಿ. ತೂತಿರುವ ಡಬ್ಬಿಗೆ ಬಟ್ಟೆ ಹಾಸಿ, ಹಾವನ್ನು ಅದರಲ್ಲಿಟ್ಟು ಅದೇ ದಿನ ವೈದ್ಯರ ಹತ್ತಿರ ಹೋಗಿ. ಬರೆದಿಟ್ಟ ಬಿಸಿ-ತೇವದ ಲೆಕ್ಕವನ್ನೂ ತೆಗೆದುಕೊಂಡು ಹೋಗಿ, ಅವರು ಮೊದಲು ಕೇಳುವುದು ಅದನ್ನೇ.